ಫೋನ್, ಟಿ.ವಿ., ಇಂಟರ್ನೆಟ್: ತಿಂಗಳ ಬಿಲ್ಲನ್ನು ಇಳಿಸುವ ಕ್ರಮ

ಮನೆಯ ಖರ್ಚುಗಳಲ್ಲಿ ಫೋನ್, ಟಿ.ವಿ. ಮತ್ತು ಇಂಟರ್ನೆಟ್‌ನ ಬಿಲ್ಲುಗಳು ಬೇರೆಯೇ ಜಾತಿಯವು. ವಿದ್ಯುತ್ತಿನ ಬಿಲ್ಲು ಬಹುಮಟ್ಟಿಗೆ ನಾವು ಬಳಸಿದಷ್ಟಕ್ಕೆ ಬರುತ್ತದೆ. ಈ ಮೂರು ಬಿಲ್ಲುಗಳು ಮಾತ್ರ, ನಾವು ಬಳಸಲಿ ಬಿಡಲಿ, ಹಿಂದೆಂದೋ ಒಪ್ಪಿಕೊಂಡ ಕರಾರಿಗೆ ತಕ್ಕಂತೆ ಬರುತ್ತವೆ. ಹೀಗಾಗಿ ಟಿ.ವಿ. ಕಡಿಮೆ ನೋಡಿದರೆ ಅಥವಾ ಫೋನಿನಲ್ಲಿ ಕಡಿಮೆ ಮಾತಾಡಿದರೆ ಬಿಲ್ಲು ಇಳಿದೀತೆಂದು ಕಾಯುವುದು ಸಾಮಾನ್ಯವಾಗಿ ವ್ಯರ್ಥ. ಇಳಿಸಬೇಕಾದದ್ದು ಕರಾರನ್ನು. ಅದಕ್ಕೊಂದು ಕ್ರಮವಿದೆ: ಮೊದಲು ಇಂಟರ್ನೆಟ್, ಆಮೇಲೆ ಟಿ.ವಿ., ನಂತರ ಫೋನ್, ಎಲ್ಲಕ್ಕಿಂತ ಕೊನೆಗೆ ಕಂಪನಿಯೊಡನೆ ಮಾತುಕತೆ. ಇಂದು ಟಿ.ವಿ. ಕಾರ್ಯಕ್ರಮವೂ ಫೋನ್ ಕರೆಯೂ ಇಂಟರ್ನೆಟ್ ಮೇಲೆಯೇ ಸಾಗಬಲ್ಲವಾದ್ದರಿಂದ, ಮನೆಗೆ ಎಷ್ಟು ಇಂಟರ್ನೆಟ್ ಬೇಕೆಂಬುದು ತೀರ್ಮಾನವಾಗದೆ ಉಳಿದೆರಡರ ಲೆಕ್ಕ ಕೂಡುವುದಿಲ್ಲ.

ಕೆಲಸವನ್ನು ಹಳೆಯ ಬಿಲ್ಲುಗಳಿಂದ ಆರಂಭಿಸಬೇಕು. ಕಳೆದ 3 ತಿಂಗಳ ಬಿಲ್ಲುಗಳನ್ನು, ಒಟ್ಟು ಮೊತ್ತವನ್ನಷ್ಟೇ ತೋರಿಸುವ ಸಂದೇಶವನ್ನಲ್ಲ, ಪೂರ್ಣ ವಿವರವಿರುವ ಪ್ರತಿಯನ್ನೇ ತೆಗೆದು ಒಂದೊಂದೇ ಸಾಲನ್ನು ಓದಿ. ಮಾಸಿಕ ಶುಲ್ಕ, ಉಪಕರಣದ ಬಾಡಿಗೆ, ಹೆಚ್ಚುವರಿ ಸೇವೆಗಳು, ಫೋನಿನ ಕಂತು, ವಿಮೆ, ತೆರಿಗೆ ಎಂದು ವಿಂಗಡಿಸಿಕೊಂಡು, ಏತಕ್ಕೆಂದು ನಿಮಗೇ ಹೇಳಲಾಗದ ಸಾಲುಗಳಿಗೆ ಗೆರೆ ಎಳೆಯಿರಿ. ರಿಯಾಯಿತಿಯ ಸಾಲು ಕಂಡರೆ ಅದು ಯಾವ ದಿನಕ್ಕೆ ಮುಗಿಯುತ್ತದೆಂಬುದನ್ನು ಹುಡುಕಿ ಬರೆದಿಟ್ಟುಕೊಳ್ಳಿ, ಏಕೆಂದರೆ ಬಿಲ್ಲು ಒಮ್ಮೆಲೇ ಏರುವುದು ಬಹುತೇಕ ಅದೇ ದಿನದ ನಂತರ. ನಮ್ಮ ಮನೆಯಲ್ಲೇ, ಮಹಡಿಯ ಕೋಣೆಯ ಟಿ.ವಿ. ಕೆಟ್ಟು ಗುಜರಿಗೆ ಹೋದ ಮೇಲೂ ಅದರ ಸೆಟ್‌ಟಾಪ್ ಬಾಕ್ಸ್ ಕಪಾಟಿನಲ್ಲಿ ಧೂಳು ತಿನ್ನುತ್ತಾ ಕುಳಿತಿತ್ತು. ಅದರ ಬಾಡಿಗೆಯನ್ನು ನಾವು ತಪ್ಪದೆ ಕಟ್ಟುತ್ತಿದ್ದೆವು. ಬಿಲ್ಲಿನಲ್ಲಿ ಅದು ಸ್ಪಷ್ಟವಾಗಿಯೇ ನಮೂದಾಗಿತ್ತು, ಓದಿದವರಿರಲಿಲ್ಲ ಅಷ್ಟೇ.

ಬಿಲ್ಲುಗಳ ಜೊತೆಗೆ ಬ್ಯಾಂಕ್ ಖಾತೆಯ ವಿವರವನ್ನೂ ನೋಡಬೇಕು, ಅದೂ ಪೂರ್ತಿ 12 ತಿಂಗಳದ್ದು. ವಿಡಿಯೊ, ಸಂಗೀತ, ಕ್ಲೌಡ್ ಸಂಗ್ರಹ ಮುಂತಾದ ಚಂದಾಗಳಲ್ಲಿ ಕೆಲವು ವರ್ಷಕ್ಕೊಮ್ಮೆ ಮಾತ್ರ ಹಣ ಕಡಿದುಕೊಳ್ಳುವುದರಿಂದ 3 ತಿಂಗಳ ವಿವರದಲ್ಲಿ ಅವು ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಇಂಟರ್ನೆಟ್. ಕಂಪನಿಗಳು ಮಾರುವುದು ವೇಗವನ್ನು, ಆ ವೇಗವನ್ನು ಹೇಳುವುದು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು. ನಾವು ಕಡತಗಳನ್ನು ಅಳೆಯುವುದು ಮೆಗಾಬೈಟ್‌ಗಳಲ್ಲಿ. 8 ಬಿಟ್‌ಗೆ 1 ಬೈಟ್ ಆದ್ದರಿಂದ 100 ಮೆಗಾಬಿಟ್ ಸಂಪರ್ಕವೆಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಈಗ ಮನೆಯಲ್ಲಿ ಏಕಕಾಲಕ್ಕೆ ನಡೆಯುವ ಕೆಲಸಗಳನ್ನು ಕೂಡಿ ನೋಡಿ. ನೆಟ್‌ಫ್ಲಿಕ್ಸ್ ತನ್ನ ಗ್ರಾಹಕರಿಗೆ ಪೂರ್ಣ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, ಅದಕ್ಕಿಂತಲೂ ಸ್ಪಷ್ಟವಾದ 4ಕೆ ಚಿತ್ರಕ್ಕೆ 15 ಮೆಗಾಬಿಟ್ ಸಾಕೆಂದು ಹೇಳುತ್ತದೆ. ಒಳ್ಳೆಯ ಗುಣಮಟ್ಟದ ವಿಡಿಯೊ ಕರೆಗೆ ಸುಮಾರು 4 ಮೆಗಾಬಿಟ್ ಬೇಕಾಗುತ್ತದೆ. ಒಬ್ಬರು 4ಕೆ ಸಿನಿಮಾ, ಇನ್ನೊಬ್ಬರು ಎಚ್‌ಡಿ ಪಂದ್ಯ ನೋಡುತ್ತಿರುವಾಗಲೇ ಮೂರನೆಯವರು ವಿಡಿಯೊ ಕರೆಯಲ್ಲಿದ್ದರೂ ಒಟ್ಟು 24 ಮೆಗಾಬಿಟ್ ಆಯಿತು. ಫೋನುಗಳು ಹಿನ್ನೆಲೆಯಲ್ಲಿ ಮಾಡುವ ಕೆಲಸಕ್ಕೂ ಅಷ್ಟೇ ಜಾಗ ಬಿಟ್ಟುಕೊಂಡರೆ 50 ಮೆಗಾಬಿಟ್‌ನ ಪ್ಲಾನ್ ಈ ಮನೆಗೆ ನೆಮ್ಮದಿಯಾಗಿ ಸಾಲುತ್ತದೆ. 300 ಅಥವಾ 500 ಮೆಗಾಬಿಟ್‌ನ ಪ್ಲಾನ್ ಹಾಕಿಸಿಕೊಂಡರೆ ಸಿನಿಮಾ ಹೆಚ್ಚು ಚೆನ್ನಾಗಿಯೇನೂ ಕಾಣುವುದಿಲ್ಲ. ದೊಡ್ಡ ಕಡತ ಇಳಿಸಿಕೊಳ್ಳುವಾಗ ಕಾಯುವ ಹೊತ್ತು ಕಡಿಮೆಯಾಗುತ್ತದೆ, ಅಷ್ಟೇ. 50 ಗಿಗಾಬೈಟ್‌ನ ಆಟವೊಂದು 100 ಮೆಗಾಬಿಟ್ ಸಂಪರ್ಕದಲ್ಲಿ ಇಳಿಯಲು ಸುಮಾರು 67 ನಿಮಿಷ, 300 ಮೆಗಾಬಿಟ್‌ನಲ್ಲಿ ಸುಮಾರು 22 ನಿಮಿಷ ಬೇಕು. ವರ್ಷಕ್ಕೆ ಎರಡೋ ಮೂರೋ ಬಾರಿ ಉಳಿಯುವ ಆ 45 ನಿಮಿಷಕ್ಕಾಗಿ ಪ್ರತಿ ತಿಂಗಳು ಹೆಚ್ಚು ಕೊಡಬೇಕೇ ಎಂಬುದನ್ನು ನೀವೇ ತೀರ್ಮಾನಿಸಿ. ಮನೆಯಿಂದ ಕೆಲಸ ಮಾಡುತ್ತಾ ದೊಡ್ಡ ಕಡತಗಳನ್ನು ಕಳುಹಿಸುವವರ ಮಾತು ಬೇರೆ. ಅವರು ಕಡತ ಇಳಿಸಿಕೊಳ್ಳುವ (ಡೌನ್‌ಲೋಡ್) ವೇಗಕ್ಕಿಂತ ಕಳುಹಿಸುವ (ಅಪ್‌ಲೋಡ್) ವೇಗವನ್ನು ವಿಚಾರಿಸಿಕೊಳ್ಳಬೇಕು, ಹಲವು ಪ್ಲಾನ್‌ಗಳಲ್ಲಿ ಅದು ಬಹಳ ಕಡಿಮೆಯಿರುತ್ತದೆ.

ತಿಂಗಳ ಡೇಟಾಕ್ಕೆ ಮಿತಿ ಇರುವ ಪ್ಲಾನ್ ಆದರೆ ವೇಗದೊಂದಿಗೆ ಪ್ರಮಾಣವನ್ನೂ ಅಳೆಯಬೇಕಾಗುತ್ತದೆ. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಗಿಗಾಬೈಟ್, 4ಕೆ ವಿಡಿಯೊ ಸುಮಾರು 7 ಗಿಗಾಬೈಟ್ ನುಂಗುತ್ತದೆ. ದಿನಕ್ಕೆ 4 ಗಂಟೆ ಎಚ್‌ಡಿ ನೋಡುವ ಮನೆಯಲ್ಲಿ ತಿಂಗಳಿಗೆ 360 ಗಿಗಾಬೈಟ್ ಅದಕ್ಕೇ ಹೋಗುತ್ತದೆ. ಮಿತಿ ದಾಟಿ ದಂಡ ತೆರುತ್ತಿದ್ದರೆ, ದೊಡ್ಡ ಪ್ಲಾನ್‌ಗೆ ಹಾರುವ ಮೊದಲು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಚಿತ್ರದ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. ಚಿಕ್ಕ ಪರದೆಯಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ.

ಇಂಟರ್ನೆಟ್ ನಿಧಾನವೆಂಬ ಕಾರಣಕ್ಕೆ ದುಬಾರಿ ಪ್ಲಾನ್ ತೆಗೆದುಕೊಳ್ಳುವವರು ಮೊದಲು ದೋಷ ಎಲ್ಲಿದೆಯೆಂದು ಪತ್ತೆಮಾಡಬೇಕು. ಕಂಪ್ಯೂಟರನ್ನು ಕೇಬಲ್ ಮೂಲಕ ನೇರವಾಗಿ ರೌಟರ್‌ಗೆ ಜೋಡಿಸಿ ವೇಗ ಪರೀಕ್ಷಿಸಿ, ಅದೇ ಪರೀಕ್ಷೆಯನ್ನು ದೂರದ ಕೋಣೆಯಲ್ಲಿ ವೈಫೈ ಮೂಲಕ ಮಾಡಿ. ಕೇಬಲ್‌ನಲ್ಲಿ ಹೇಳಿದ ವೇಗ ಬಂದು ಕೋಣೆಯಲ್ಲಿ ಬಾರದಿದ್ದರೆ ತಪ್ಪು ಪ್ಲಾನ್‌ನದಲ್ಲ, ವೈಫೈನದು. ಎಷ್ಟೇ ದುಬಾರಿ ಪ್ಲಾನ್ ಹಾಕಿಸಿದರೂ ಆ ಕೋಣೆಯಲ್ಲಿ ಅದೇ ಸ್ಥಿತಿ. ವೈಫೈ ತರಂಗಗಳ ಬಗೆಗಳಲ್ಲಿ 5 ಗಿಗಾಹರ್ಟ್ಸ್‌ನದು ವೇಗವಾದರೂ ಗೋಡೆ ದಾಟುವಲ್ಲಿ ಸೋಲುತ್ತದೆ, 2.4 ಗಿಗಾಹರ್ಟ್ಸ್ ದೂರ ಹೋಗುತ್ತದಾದರೂ ನಿಧಾನ. ರೌಟರನ್ನು ಮೂಲೆಯ ಕಪಾಟಿನಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿ ಇಡುವುದರಿಂದಲೇ ಎಷ್ಟೋ ದೂರುಗಳು ತೀರುತ್ತವೆ. ರೌಟರ್‌ಗೆ ತಿಂಗಳ ಬಾಡಿಗೆ ಕಟ್ಟುತ್ತಿದ್ದರೆ ಸ್ವಂತದ್ದನ್ನು ಕೊಳ್ಳುವುದು ಲಾಭವೇ ಎಂದು ಲೆಕ್ಕ ಹಾಕಿ, ಆದರೆ ಕೊಳ್ಳುವ ಮೊದಲು ನಿಮ್ಮ ಸಂಪರ್ಕಕ್ಕೆ ಅದು ಹೊಂದುತ್ತದೆಯೇ ಎಂದು ಕಂಪನಿಯಿಂದ ತಿಳಿದುಕೊಳ್ಳಿ. ಫೈಬರ್ ಸಂಪರ್ಕದ ತುದಿಯಲ್ಲಿರುವ ಪೆಟ್ಟಿಗೆಯನ್ನು ಬದಲಿಸಲು ಅನೇಕ ಕಂಪನಿಗಳು ಬಿಡುವುದಿಲ್ಲ.

ಟಿ.ವಿ.ಯ ವಿಷಯದಲ್ಲಿ ಒಂದು ಚೀಟಿ ಸಾಕು. ಒಂದು ತಿಂಗಳ ಕಾಲ ಮನೆಯವರು ನಿಜವಾಗಿ ನೋಡಿದ ಚಾನೆಲ್‌ಗಳನ್ನೂ ಆ್ಯಪ್‌ಗಳನ್ನೂ ಅದರಲ್ಲಿ ಬರೆಯುತ್ತಾ ಹೋಗಿ. ನೂರಾರು ಚಾನೆಲ್‌ಗಳ ಪ್ಯಾಕೇಜ್ ಇರುವ ಮನೆಯಲ್ಲೂ ಆ ಚೀಟಿ ಗಿಡ್ಡವಾಗಿಯೇ ಉಳಿಯುತ್ತದೆ. ಅದರಲ್ಲಿರುವ ಚಾನೆಲ್‌ಗಳಷ್ಟನ್ನೇ ಕೊಡುವ ಚಿಕ್ಕ ಪ್ಯಾಕೇಜ್ ಇದೆಯೇ, ಅವುಗಳಲ್ಲಿ ಯಾವುವು ಉಚಿತವಾಗಿ ಸಿಗುತ್ತವೆ ಎಂಬುದನ್ನು ನೋಡಿ. ಉಚಿತ ಡಿಜಿಟಲ್ ಪ್ರಸಾರ ಇರುವ ಕಡೆ ಒಂದೇ ಬಾರಿ ಆಂಟೆನಾ ಕೊಂಡರೆ ಆ ಚಾನೆಲ್‌ಗಳಿಗೆ ತಿಂಗಳ ಶುಲ್ಕವೇ ಇರುವುದಿಲ್ಲ. ಕ್ರೀಡೆಯ ಪ್ಯಾಕೇಜನ್ನು ಋತುವಿಗೆ ತಕ್ಕಂತೆ ಹಾಕಿ ತೆಗೆಯಲು ಬರುತ್ತದೆಯೇ ಎಂದೂ ಕೇಳಿ.

ವಿಡಿಯೊ ಆ್ಯಪ್‌ಗಳ ಚಂದಾಗಳನ್ನು ಸರದಿಯ ಮೇಲೆ ಇಟ್ಟುಕೊಳ್ಳುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಸುಲಭದ ಉಳಿತಾಯ. ನಾಲ್ಕು ಆ್ಯಪ್‌ಗಳಿಗೆ ಒಟ್ಟಿಗೆ ಹಣ ಕಟ್ಟುವ ಬದಲು ಒಂದಕ್ಕೆ ಒಂದು ತಿಂಗಳು ಕಟ್ಟಿ, ನೋಡಬೇಕಾದದ್ದನ್ನು ನೋಡಿ ಮುಗಿಸಿ, ಮುಂದಿನ ತಿಂಗಳು ಇನ್ನೊಂದಕ್ಕೆ ಹೋಗಬಹುದು. ತಿಂಗಳ ಚಂದಾವನ್ನು ಕೊಂಡ ದಿನವೇ ರದ್ದುಪಡಿಸಿದರೂ ಸಾಮಾನ್ಯವಾಗಿ ಆ ತಿಂಗಳು ಮುಗಿಯುವವರೆಗೆ ಸೇವೆ ಸಿಗುತ್ತದೆ, ಆದ್ದರಿಂದ ಮರೆತುಹೋಗುವ ಭಯವಿರುವವರು ಅಂದೇ ರದ್ದುಪಡಿಸಿಬಿಡುವುದು ಕ್ಷೇಮ. ಫೋನಿನಿಂದ ಆ್ಯಪನ್ನು ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ಎಲ್ಲಿ ಹಣ ಕಟ್ಟಿದ್ದೀರೋ ಅಲ್ಲಿಯೇ, ಅದು ಆ್ಯಪ್ ಸ್ಟೋರ್ ಆಗಿರಲಿ, ಫೋನ್ ಕಂಪನಿಯಾಗಿರಲಿ, ರದ್ದುಪಡಿಸಬೇಕು. ನೋಡದ ಸೆಟ್‌ಟಾಪ್ ಬಾಕ್ಸ್‌ನ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸಿ: ಹಗಲಿರುಳು 10 ವ್ಯಾಟ್ ಎಳೆಯುವ ಪೆಟ್ಟಿಗೆಯೊಂದು ವರ್ಷಕ್ಕೆ 87.6 ಯೂನಿಟ್ ವಿದ್ಯುತ್ತನ್ನು ತಿನ್ನುತ್ತದೆ, ಆ ಹಣ ಇನ್ನೊಂದು ಬಿಲ್ಲಿನಲ್ಲಿ ಅಡಗಿರುತ್ತದೆ.

ಮೊಬೈಲ್ ಫೋನಿನಲ್ಲಿ ಮೊದಲು ನೋಡಬೇಕಾದದ್ದು ಮನೆಯ ಪ್ರತಿಯೊಬ್ಬರೂ ಬಳಸುವ ಡೇಟಾವನ್ನು. ಸೆಟ್ಟಿಂಗ್ಸ್‌ನಲ್ಲಿ ವೈಫೈನದೂ ಮೊಬೈಲ್ ಡೇಟಾದ್ದೂ ಬೇರೆಬೇರೆ ಲೆಕ್ಕ ಸಿಗುತ್ತದೆ. ಕೆಲವು ಫೋನುಗಳಲ್ಲಿ ಅದು ತಿಂಗಳಿಗೊಮ್ಮೆ ತಾನಾಗಿ ಸೊನ್ನೆಗೆ ಮರಳುವುದಿಲ್ಲವಾದ್ದರಿಂದ ಇಂದು ನೀವೇ ಸೊನ್ನೆ ಮಾಡಿ 30 ದಿನ ಬಿಟ್ಟು ನೋಡಿ. ಮನೆಯಲ್ಲೂ ಕಚೇರಿಯಲ್ಲೂ ವೈಫೈ ಇರುವವರ ಮೊಬೈಲ್ ಡೇಟಾ ಎಷ್ಟು ಕಡಿಮೆಯೆಂದು ಅವರಿಗೇ ಆಶ್ಚರ್ಯವಾಗಬಹುದು. ಪ್ಲಾನ್‌ಗಳನ್ನು ಹೋಲಿಸುವಾಗ ಅವಧಿಯನ್ನು ಗಮನಿಸಿ: 28 ದಿನಗಳ ಪ್ಲಾನ್ ತಿಂಗಳ ಪ್ಲಾನ್ ಅಲ್ಲ. ವರ್ಷದಲ್ಲಿ ಅದಕ್ಕೆ 12 ಬಾರಿಯಲ್ಲ, 13 ಬಾರಿ ಹಣ ಕಟ್ಟಬೇಕಾಗುತ್ತದೆ. ಹೋಲಿಕೆಗೆ ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನವೊಂದಕ್ಕೆ ಎಷ್ಟಾಯಿತೆಂದು ನೋಡುವುದೇ ಸರಿಯಾದ ದಾರಿ. ಫೋನನ್ನು ಕಂತಿನಲ್ಲಿ ಕೊಂಡವರು ಕಂತು ಮುಗಿದ ತಿಂಗಳೇ ಬಿಲ್ಲು ಇಳಿಯಿತೇ ಎಂದು ಪರೀಕ್ಷಿಸಲಿ. ಫೋನಿನ ಬೆಲೆ ಪ್ಲಾನ್‌ನೊಳಗೇ ಬೆರೆತಿದ್ದರೆ ಅದು ತಾನಾಗಿ ಇಳಿಯದೇ ಇರಬಹುದು.

ಸ್ಥಿರ ದೂರವಾಣಿಯನ್ನು ತೆಗೆಸುವ ಮೊದಲು ಒಂದು ಎಚ್ಚರಿಕೆ. ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿದ್ಯುತ್ತು ಎಕ್ಸ್‌ಚೇಂಜ್‌ನಿಂದಲೇ ಬರುವುದರಿಂದ ಮನೆಯಲ್ಲಿ ಕರೆಂಟು ಹೋದಾಗಲೂ ಅದು ಕೆಲಸ ಮಾಡುತ್ತದೆ. ರೌಟರ್ ಮೂಲಕ ನಡೆಯುವ ಫೋನ್ ಬ್ಯಾಟರಿಯ ಆಸರೆಯಿಲ್ಲದೆ ಮಾಡುವುದಿಲ್ಲ. ವಯಸ್ಸಾದವರು ಒಂಟಿಯಾಗಿರುವ ಮನೆಯಲ್ಲಿ, ಅಥವಾ ಕಳ್ಳರು ನುಗ್ಗಿದರೆ ಎಚ್ಚರಿಸುವ ಅಲಾರಂ ಗಂಟೆಯೋ ತುರ್ತು ಗುಂಡಿಯೋ ಆ ತಂತಿಗೆ ಜೋಡಣೆಯಾಗಿರುವಲ್ಲಿ, ಈ ಉಳಿತಾಯ ನನಗೆ ಜಾಣತನವಾಗಿ ಕಾಣುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಕಂಪನಿಗೆ ಕರೆ ಮಾಡಿ. ಒಪ್ಪಂದ ಮುಗಿಯಲು ಒಂದು ತಿಂಗಳಿರುವಾಗ ಮಾತಾಡುವುದು ಒಳ್ಳೆಯದು. ಅಂದು ನೀವು ಬಿಟ್ಟುಹೋಗಬಲ್ಲಿರಿ ಎಂಬುದು ಅವರಿಗೂ ಗೊತ್ತಿರುತ್ತದೆ. ಇನ್ನೊಂದು ಕಂಪನಿಯ ಪ್ಲಾನ್‌ನ ಹೆಸರು, ವೇಗ, ಬೆಲೆಗಳನ್ನು ಎದುರಿಗಿಟ್ಟುಕೊಂಡು, ಸಂಪರ್ಕ ಬಿಡುವ ಯೋಚನೆಯಿದೆಯೆಂದು ಸೌಜನ್ಯದಿಂದಲೇ ಹೇಳಿದರೆ, ಬಿಡುವ ಗ್ರಾಹಕರನ್ನು ಉಳಿಸಿಕೊಳ್ಳಲೆಂದೇ ಇರುವ ವಿಭಾಗಕ್ಕೆ ಕರೆಯನ್ನು ದಾಟಿಸುವುದುಂಟು. ರಿಯಾಯಿತಿ ಕೊಡುವ ಅಧಿಕಾರ ಹೆಚ್ಚಾಗಿ ಅಲ್ಲಿರುತ್ತದೆ. ಮೂರೂ ಸೇವೆಗಳ ಜಂಟಿ ಪ್ಯಾಕೇಜ್ ಕೊಟ್ಟರೆ, ನಿಮಗೆ ಬೇಕಾದವನ್ನು ಮಾತ್ರ ಬಿಡಿಬಿಡಿಯಾಗಿ ಕೊಂಡರೆ ಆಗುವ ಮೊತ್ತದೊಂದಿಗೆ ಅದನ್ನು ಹೋಲಿಸಿ. ಬೇಡದ ಸೇವೆ ಸೇರಿದ್ದರೂ ಜಂಟಿ ಪ್ಯಾಕೇಜೇ ಅಗ್ಗವಾಗುವ ಸಂದರ್ಭಗಳೂ ಇವೆ, ಹಟ ಹಿಡಿಯಬೇಕಿಲ್ಲ. ತೆರಿಗೆ ಸೇರಿ ಒಟ್ಟು ಎಷ್ಟು, ಈ ಬೆಲೆ ಎಷ್ಟು ತಿಂಗಳಿಗೆ, ಆಮೇಲೆ ಎಷ್ಟು, ನಡುವೆ ಬಿಟ್ಟರೆ ದಂಡವೆಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲಿ ಪಡೆಯದೆ ಒಪ್ಪಬೇಡಿ.

ಒಪ್ಪಂದದ ನಡುವೆಯೇ ಬಿಡಬೇಕೆನಿಸಿದರೆ ದಂಡವನ್ನು ತಿಂಗಳ ಉಳಿತಾಯದಿಂದ ಭಾಗಿಸಿ. ಬಂದ ಸಂಖ್ಯೆ ಒಪ್ಪಂದದಲ್ಲಿ ಉಳಿದಿರುವ ತಿಂಗಳುಗಳಿಗಿಂತ ಕಡಿಮೆಯಿದ್ದರೆ ಈಗಲೇ ಬಿಡುವುದು ಲಾಭ, ಇಲ್ಲದಿದ್ದರೆ ಕಾಯುವುದು ಲಾಭ. ಮೊಬೈಲ್ ಕಂಪನಿ ಬದಲಿಸುವಾಗ ಹಳೆಯ ಸಂಪರ್ಕವನ್ನು ನೀವಾಗಿ ರದ್ದುಪಡಿಸಬೇಡಿ. ನಂಬರನ್ನು ಪೋರ್ಟ್ ಮಾಡಿಸಬೇಕಾದರೆ, ಅಂದರೆ ಅದೇ ನಂಬರನ್ನು ಹೊಸ ಕಂಪನಿಗೆ ಒಯ್ಯಬೇಕಾದರೆ, ಅದು ಚಾಲ್ತಿಯಲ್ಲಿರಬೇಕು, ರದ್ದಾದ ನಂಬರಿನೊಂದಿಗೆ ಬ್ಯಾಂಕಿನ ಒಟಿಪಿಯೂ ಕೈತಪ್ಪುತ್ತದೆ. ಹಳೆಯ ಇಂಟರ್ನೆಟ್ ಕಂಪನಿ ಕೊಟ್ಟ ಇಮೇಲ್ ವಿಳಾಸ ಬಳಸುತ್ತಿದ್ದರೆ ಮೊದಲೇ ಬೇರೆ ವಿಳಾಸಕ್ಕೆ ಬದಲಾಯಿಸಿಕೊಳ್ಳಿ. ಬಾಡಿಗೆಯ ಪೆಟ್ಟಿಗೆಗಳನ್ನು ಹಿಂದಿರುಗಿಸಿ ರಸೀದಿ ಪಡೆಯಿರಿ, ಠೇವಣಿ ಇದ್ದರೆ ಕೇಳಿ ವಾಪಸು ಪಡೆಯಿರಿ, ಖಾತೆಯಲ್ಲಿ ಆಟೋಪೇ ಇನ್ನೂ ಉಳಿದಿದ್ದರೆ ಕೊನೆಯ ಬಿಲ್ಲು ತೀರಿದೊಡನೆ ನಿಲ್ಲಿಸಿ. ಹೊಸ ಪ್ಲಾನ್‌ನ ಮೊದಲ ಬಿಲ್ಲಿನಲ್ಲಿ ಕೆಲವು ದಿನಗಳ ಬಿಡಿ ಲೆಕ್ಕವೂ ಜೋಡಣೆಯ ಶುಲ್ಕವೂ ಸೇರಿರುವುದರಿಂದ ಅದನ್ನು ಕಂಡು ಗಾಬರಿಯಾಗಬೇಡಿ. ಮಾತಾದ ಮೊತ್ತದೊಂದಿಗೆ ತಾಳೆ ನೋಡಬೇಕಾದದ್ದು ಎರಡನೆಯ ಬಿಲ್ಲನ್ನು.