ಆಸಿಡ್‌ಗೆ ಹಾಕದೆ ಮೂಳೆ ಕೊಯ್ದ ನನ್ನ ಅನುಭವ

ಎರಡು ವರ್ಷ ಎಲ್ಲರದೂ ಒಂದೇ ಮಾತು. ಮೈಕ್ರೋಸ್ಕೋಪಿನಲ್ಲಿ ನೋಡಲು ಮೂಳೆ ತುಂಡನ್ನು ಆಸಿಡ್‌ಗೆ ಹಾಕಿ ಮೆತ್ತಗೆ ಮಾಡಿ ಕೊಯ್ಯಿರಿ, ಸುಮ್ನೆ ಯಾಕೆ ಇಷ್ಟು ಕಷ್ಟ ಅಂತ. ಆದರೆ ಆಸ್ಟಿಯೋಮಲೇಶಿಯಾದಲ್ಲಿ, ಅಂದರೆ ಸುಣ್ಣ ಸರಿಯಾಗಿ ಕೂರದೆ ಮೂಳೆ ಮೆತ್ತಗಾಗುವ ರೋಗದಲ್ಲಿ, ನೋಡಬೇಕಾದ್ದೇ ಸುಣ್ಣ ಎಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ ಅನ್ನುವುದು. ಆಸಿಡ್ ಮುಟ್ಟಿದರೆ ಆ ಗುರುತೇ ಹೋಗುತ್ತದೆ, ಅಲ್ವಾ?

ನಮ್ಮ ಕೈಗೆ ಬಂದದ್ದು ವಿಟಮಿನ್ ಡಿ ಎಷ್ಟು ಕೊಟ್ಟರೂ ಬಗ್ಗದ ಕೇಸು. ರಕ್ತದಲ್ಲಿ ಫಾಸ್ಫೇಟ್ ಕಡಿಮೆ, ಮನೆಯಲ್ಲಿ ಇನ್ನೂ ಕೆಲವರಿಗೆ ಅದೇ ತೊಂದರೆ. ತೊಡೆಮೂಳೆಯಲ್ಲಿ ಲೂಸರ್ ಗೆರೆ, ಅಂದರೆ ಮೆತ್ತಗಾದ ಮೂಳೆಯಲ್ಲಿ ಕಾಣುವ ಬಿರುಕಿನಂಥ ಗೆರೆ, ಇತ್ತು. ಆದರೆ ಬೆನ್ನುಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ, ಗಟ್ಟಿಯಾಗಿ ಕಂಡಿತ್ತು. ಅದಕ್ಕೇ ಒಳಗೆ ಮೂಳೆ ಮೆತ್ತಗಿದೆ ಅಂದರೆ ಯಾರೂ ನಂಬಲಿಲ್ಲ.

ಸೊಂಟದ ಮೂಳೆಯ ತುಂಡನ್ನು ಎಪ್ಪತ್ತು ಪರ್ಸೆಂಟ್ ಆಲ್ಕೋಹಾಲ್‌ನಲ್ಲಿಟ್ಟು, ಮೀಥೈಲ್ ಮೆಥಾಕ್ರಿಲೇಟ್ ಅನ್ನುವ, ಗಟ್ಟಿ ಪ್ಲಾಸ್ಟಿಕ್ ಆಗುವ ದ್ರವದಲ್ಲಿ ಕೂರಿಸುವ ದಾರಿ ಹಿಡಿದೆ. ಅಭ್ಯಾಸಕ್ಕೆ ಮಾಡಿದ ಮೊದಲ ಹತ್ತು ಹನ್ನೆರಡು ಬ್ಲಾಕು ಹಾಳಾದವು. ಕೆಲವದರಲ್ಲಿ ಗುಳ್ಳೆ, ಕೆಲವು ಗಟ್ಟಿಯೇ ಆಗಲಿಲ್ಲ. ಅದನ್ನು ಗಟ್ಟಿಯಾಗಿಸಲು ಹಾಕುವ ಬೆನ್ಜಾಯಿಲ್ ಪೆರಾಕ್ಸೈಡ್ ನೀರಿನ ಪಸೆಯೊಂದಿಗೇ ಬರುತ್ತದೆ, ಅದನ್ನು ಒಣಗಿಸದೆ ಹಾಕುತ್ತಿದ್ದೆ. ಅದು ಸರಿಹೋದ ಮೇಲೆ ಅವಸರಕ್ಕೆ ಬಿಸಿ ಜಾಸ್ತಿ ಮಾಡಿದೆ, ಮತ್ತೆ ಗುಳ್ಳೆ. ಈಗ ತಣ್ಣಗೆ, ವಾರಗಟ್ಟಲೆ ಬಿಡುತ್ತೇನೆ. ದುಡ್ಡು ನುಂಗಿದ್ದು ಮಾತ್ರ ಟಂಗ್‌ಸ್ಟನ್ ಕಾರ್ಬೈಡ್ ಬ್ಲೇಡು. ಒಂದು ಬ್ಲೇಡಿನ ಖರ್ಚಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಬಣ್ಣ, ಸ್ಲೈಡು ಎಲ್ಲಾ ಬರುತ್ತಿತ್ತು. ಮೊದಲನೆಯದರ ಅಂಚು ಎರಡೇ ತಿಂಗಳಲ್ಲಿ ಚಿಪ್ಪೆದ್ದಿತು. ಎರಡನೆಯದಕ್ಕೆ ನನ್ನ ಜೇಬಿನಿಂದಲೇ ಕೊಟ್ಟೆ. ಬ್ಲೇಡಿನ ಕೋನ, ಸೆಕ್ಷನ್ ಅನ್ನುವ ತೆಳು ಹೋಳು ಮಡಚದ ಹಾಗೆ ಸ್ಲೈಡಿಗೆ ಅಂಟಿಸುವ ಉಪಾಯ, ಎರಡೂ ನನ್ನಲ್ಲೇ ಇರಲಿ. ಅವಕ್ಕೆ ತುಂಬಾ ಬೆವರು ಸುರಿಸಿದ್ದೇನೆ.

ಕೊನೆಗೆ ಐದು ಮೈಕ್ರಾನ್‌ನ ಸೆಕ್ಷನ್ ಪೂರ್ತಿ ಬಂತು. ಗೋಲ್ಡ್‌ನರ್ ಬಣ್ಣ ಹಾಕಿದಾಗ ಸುಣ್ಣ ಕೂತ ಮೂಳೆ ಹಸಿರು, ಕೂರದ ಆಸ್ಟಿಯಾಯ್ಡ್ ಕೆಂಪು. ಎಳೆ ಎಳೆಗೂ ಕೆಂಪು ಅಂಗಿ ತೊಡಿಸಿದ ಹಾಗಿತ್ತು. ಹತ್ತು ಮೈಕ್ರಾನ್ ಆಸುಪಾಸು ಇರಬೇಕಾದ ಆಸ್ಟಿಯಾಯ್ಡ್ ನೆನಪಿನ ಪ್ರಕಾರ ಮೂವತ್ತೈದು, ನಲವತ್ತು ಇತ್ತು. ಪೋಲರೈಸ್ಡ್ ಬೆಳಕಿನಲ್ಲಿ ಪದರ ಎಣಿಸಿದೆ, ಒಂಬತ್ತೋ ಹತ್ತೋ. ಮೂರು ನಾಲ್ಕು ದಾಟಬಾರದು. ಹೊಸದಾಗಿ ಸುಣ್ಣ ಕೂರುವ ಕಡೆ ಹಳದಿ ಗೆರೆ ಬಿಡುವ ಟೆಟ್ರಾಸೈಕ್ಲಿನ್ ಔಷಧಿಯನ್ನು ತುಂಡು ತೆಗೆಯುವ ಮೊದಲು ಎರಡು ಸುತ್ತು ಕೊಟ್ಟಿದ್ದರೂ ಎರಡು ಗೆರೆ ಬೇರೆಬೇರೆಯಾಗಿ ಕಾಣಲಿಲ್ಲ. ಹಿಂಜಿದ ಹಾಗೆ ಒಂದೇ ಹಳದಿ ಪಟ್ಟಿ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಉಳಿದ ಬ್ಲಾಕಿನಿಂದ ನೂರು ಮೈಕ್ರಾನ್ ದಪ್ಪದ ಬಿಲ್ಲೆ ಉಜ್ಜಿ ತೆಗೆದು, ಸಣ್ಣ ಕಣದ ಫಿಲ್ಮಿನ ಮೇಲಿಟ್ಟು ಮೃದು ಎಕ್ಸ್‌ರೇ ಹೊಡೆದೆ. ಮೂಳೆಯೊಳಗಿನ ಜೀವಕೋಶಗಳಾದ ಆಸ್ಟಿಯೋಸೈಟ್‌ಗಳ ಸುತ್ತ ಕಪ್ಪು ಬಳೆಗಳು! ಗಟ್ಟಿ ಮೂಳೆಯ ನಡುವೆಯೂ ಅಲ್ಲಲ್ಲಿ ಸುಣ್ಣ ಕೊರತೆ. ಎಕ್ಸ್ ಕ್ರೋಮೋಸೋಮಿನ ದಾರಿಯಲ್ಲಿ ಮನೆಯವರಿಗೆ ಬರುವ, ಫಾಸ್ಫೇಟ್ ಕಡಿಮೆಯಾಗುವ ರೋಗದ ಗುರುತು ಇದು. ಬರೀ ವಿಟಮಿನ್ ಡಿ ಕೊರತೆಯ ಮೂಳೆ ಇಟ್ಟು ಹೋಲಿಸಿದೆ, ಅಲ್ಲಿ ದಪ್ಪ ಆಸ್ಟಿಯಾಯ್ಡ್ ಇತ್ತು, ಬಳೆ ಇರಲಿಲ್ಲ.

ಫಾಸ್ಫೇಟ್, ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಶುರುವಾಗಿ ಸುಮಾರು ಒಂದೂವರೆ ವರ್ಷದ ಮೇಲೆ ಎರಡನೇ ತುಂಡು ಬಂತು. ಕೆಂಪು ಅರ್ಧಕ್ಕಿಂತ ಕಡಿಮೆ ಆಗಿತ್ತು, ನೋವೂ ಇಳಿದಿತ್ತು. ಬಳೆಗಳು ಮಾತ್ರ ಹಾಗೇ ಇದ್ದವು. ಎರಡೂ ಫಿಲ್ಮನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ. ಆಸಿಡ್‌ಗೆ ಹಾಕಿ ಅಂದಿದ್ದವರೇ ಆ ವಾರ ಇನ್ನೊಂದು ಕೇಸಿನ ತುಂಡನ್ನು ಆಲ್ಕೋಹಾಲ್‌ನಲ್ಲಿಟ್ಟು ಕಳಿಸಿದರು.