ಗುಂಗುರು ಕೂದಲಿನ ಸಿಕ್ಕು: ನನಗೆ ಕೈಹಿಡಿದ ದಾರಿ

ನನ್ನದು ಬಿಗಿ ಗುಂಗುರು ಕೂದಲು. ಬಾಚಿದಾಗೆಲ್ಲ ಬಾಚಣಿಗೆ ತುಂಬಾ ಕೂದಲು ಬರುತ್ತಿತ್ತು. ಉದುರುತ್ತಿದೆಯೋ ತುಂಡಾಗುತ್ತಿದೆಯೋ ಎಂದು ಮೊದಲು ನೋಡಿದೆ. ಬುಡದಿಂದ ಬಂದ ಕೂದಲಿನ ಒಂದು ತುದಿಯಲ್ಲಿ ಪುಟ್ಟ ಬಿಳಿ ಚುಕ್ಕೆಯಂಥದ್ದು ಇರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹಾಗೆ ಉದುರುವುದು ಸಹಜ. ಗುಂಗುರು ಕೂದಲಿನಲ್ಲಿ ಅವು ಕೆಳಗೆ ಬೀಳದೆ ಸುರುಳಿಯಲ್ಲೇ ಸಿಕ್ಕಿಕೊಂಡು, ಬಾಚುವ ದಿನ ಒಟ್ಟಿಗೆ ಬರುತ್ತವೆ. ನನ್ನ ಬಾಚಣಿಗೆಯಲ್ಲಿ ಮಾತ್ರ ಚುಕ್ಕೆಯಿಲ್ಲದ ಗಿಡ್ಡ ತುಂಡುಗಳೇ ಜಾಸ್ತಿ. ತೊಂದರೆ ಬಾಚುವುದರಲ್ಲೇ ಇತ್ತು.

ಈಗ ಒಣ ಕೂದಲಿಗೆ ಬಾಚಣಿಗೆ ಹಾಕುವುದಿಲ್ಲ. ತಲೆಸ್ನಾನದ ಹೊತ್ತಿಗೇ ಸಿಕ್ಕು ಬಿಡಿಸುತ್ತೇನೆ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ. ಶಾಂಪೂ ಬುಡಕ್ಕೆ ಮಾತ್ರ. ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜುವುದಿಲ್ಲ. ಆಮೇಲೆ ಕಂಡೀಷನರ್, ಕೈ ಜಾರುವಷ್ಟು. ಒದ್ದೆ ಕೂದಲು ರಬ್ಬರಿನಂತೆ ಹಿಗ್ಗುತ್ತದೆ, ಎಳೆದರೆ ಬೇಗ ತುಂಡಾಗುತ್ತದೆ. ಅದಕ್ಕೇ ಈ ಜಾರಿಕೆ ಬೇಕು. ಕೂದಲನ್ನು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕುತ್ತೇನೆ. ಮೊದಲು ಬೆರಳು, ನಂತರ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು, ಸ್ವಲ್ಪಸ್ವಲ್ಪವೇ ಮೇಲಕ್ಕೆ. ಸಿಕ್ಕಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ಬುಡಕ್ಕೆ ಎಳೆತ ಬೀಳುವುದಿಲ್ಲ. ಅರ್ಧ ಕೆಲಸ ಇದರಿಂದಲೇ ಆಯಿತು ಅನ್ನಿ. ಗಿಡ್ಡ ತುಂಡುಗಳು ಈಗ ಅಪರೂಪ.

ಒರೆಸಲು ಟವೆಲ್ ಬೇಡ, ಹಳೆ ಕಾಟನ್ ಬನಿಯನ್ ಸಾಕು, ತಿಕ್ಕದೆ ಒತ್ತಬೇಕು. ರಾತ್ರಿ ಸಡಿಲ ಜಡೆ. ನೇರ ಕೂದಲಿನವರಿಗೆ ಇದೆಲ್ಲ ಅತಿ ಅನ್ನಿಸಬಹುದು, ಅನ್ನಿಸಲಿ ಬಿಡಿ!

ಆದರೆ ಬೈತಲೆ ಅಗಲವಾಗುತ್ತಿದ್ದರೆ, ಅಲ್ಲಲ್ಲಿ ನೆತ್ತಿ ಕಾಣುತ್ತಿದ್ದರೆ ಸುಮ್ನೆ ಬಾಚಣಿಗೆ ಬದಲಿಸುತ್ತಾ ಕೂರಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ.