ಬಣ್ಣ ಉಗುರಿನ ಮೇಲಿದೆಯೋ, ಕೆಳಗಿದೆಯೋ?

ಕಡುಗೆಂಪು ನೈಲ್ ಪಾಲಿಶ್ ಅಂದರೆ ನನಗೆ ತುಂಬಾ ಇಷ್ಟ. ಸುಮಾರು ಒಂದು ವರ್ಷ ಬಿಡುವಿಲ್ಲದೆ ಹಚ್ಚಿದ್ದೆ. ಹಳೆಯದನ್ನು ಒರೆಸಿದ ಸಂಜೆಯೇ ಹೊಸದು ಬೀಳುತ್ತಿತ್ತು. ಒಂದು ದಿನ ಎಲ್ಲ ತೆಗೆದು ನೋಡಿದರೆ ಹತ್ತೂ ಉಗುರು ಹಳದಿ. ಬಲಗೈ ಹೆಬ್ಬೆರಳಿನ ತುದಿಯಲ್ಲಿ ಮಾತ್ರ ಬೇರೆ ಬಣ್ಣ. ಕಡು ಹಸಿರು.

ಎರಡೂ ಪಾಲಿಶ್‌ನಿಂದಲೇ ಬಂದದ್ದು ಅಂದುಕೊಂಡೆ. ನಿಂಬೆರಸ ಉಜ್ಜಿದೆ. ಅದು ಸಾಲದೆ ನೈಲ್ ಫೈಲ್ ಹಿಡಿದು ಉಗುರಿನ ಮೇಲೆಲ್ಲ ತಿಕ್ಕಿದೆ. ಹಳದಿ ಸ್ವಲ್ಪ ತಿಳಿಯಾಯಿತು, ಆದರೆ ಉಗುರೂ ತೆಳುವಾಯಿತು. ಬಿಸಿನೀರು ತಾಗಿದರೆ ಚುರ್ ಅನ್ನುತ್ತಿತ್ತು. ಹಸಿರು ಮಾತ್ರ ಒಂಚೂರೂ ಮಾಸಲಿಲ್ಲ. ಒಳಗೆ ಕೊಳೆ ಸೇರಿರಬೇಕು ಅಂತ ಉಗುರಿನ ಅಡಿಗೆ ಚೂಪು ಕಡ್ಡಿ ಹಾಕಿ ಕೆರೆದೆ. ಮುಂದಿನ ವಾರಕ್ಕೆ ಹಸಿರು ಇನ್ನಷ್ಟು ಹಿಂದಕ್ಕೆ ಹಬ್ಬಿತ್ತು. ಆಗ ಹೆದರಿಕೆ ಆಯಿತು.

ಚರ್ಮದ ಡಾಕ್ಟರ್ ಕೈ ತಿರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ: "ಈ ಬಣ್ಣ ಉಗುರಿನ ಮೇಲಿದೆಯೋ, ಕೆಳಗಿದೆಯೋ ನೋಡಿದ್ರಾ?"

ನಾನು ನೋಡಿರಲಿಲ್ಲ. ಹಳದಿ ಮೇಲಿಂದ ಬಂದದ್ದು. ಪಾಲಿಶ್‌ನ ಬಣ್ಣವನ್ನು ಉಗುರು ಹೀರಿಕೊಂಡಿತ್ತು. ಗಾಢ ಕೆಂಪಿನಲ್ಲಿ ಇದು ಜಾಸ್ತಿ. ಹಸಿರು ಇದ್ದದ್ದು ಕೆಳಗೆ. ಹೆಬ್ಬೆರಳಿನ ಉಗುರಿನ ತುದಿ ಚರ್ಮದಿಂದ ಬಿಟ್ಟುಕೊಂಡಿತ್ತು. ಆ ಸಂದಿಯಲ್ಲಿ ಪಸೆ ನಿಂತು ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆದಿತ್ತು. ಹಸಿರು ಬಣ್ಣ ಅದೇ ಮಾಡುವಂಥದ್ದು. ಕಡ್ಡಿ ಹಾಕಿ ಆ ಸಂದಿಯನ್ನು ನಾನೇ ದೊಡ್ಡದು ಮಾಡಿದ್ದೆ.

ಬಿಟ್ಟುಕೊಂಡ ಭಾಗವನ್ನು ಡಾಕ್ಟರ್ ಕತ್ತರಿಸಿ ತೆಗೆದರು. ನೋವಾಗಲಿಲ್ಲ. ಹಚ್ಚಲು ಆಂಟಿಬಯಾಟಿಕ್ ಹನಿ ಕೊಟ್ಟರು. ಆದರೆ ಔಷಧಿಗಿಂತ ಕಷ್ಟವಾದದ್ದು ಬೆರಳನ್ನು ಒಣಗಿಸಿ ಇಟ್ಟುಕೊಳ್ಳುವುದು. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್, ಅದರ ಒಳಗೆ ಹತ್ತಿಯ ಗ್ಲೌಸ್. ಬರೀ ರಬ್ಬರ್ ಆದರೆ ಒಳಗೇ ಬೆವರುತ್ತದೆ ಅಲ್ವಾ? ಪ್ರತಿ ಸಲ ಕೈ ತೊಳೆದ ಮೇಲೆ ಉಗುರಿನ ತುದಿಯನ್ನು ಬಟ್ಟೆಯಿಂದ ಒತ್ತಿ ಒರೆಸುತ್ತಿದ್ದೆ.

ಪ್ರತಿ ಭಾನುವಾರ ಒಂದೇ ಕಿಟಕಿಯ ಬೆಳಕಿನಲ್ಲಿ ಕೈಯ ಫೋಟೋ ತೆಗೆದೆ. ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಇದೇ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ದಿನಾ ನೋಡಿದರೆ ಏನೂ ತಿಳಿಯುವುದಿಲ್ಲ. ಮೂರನೇ ವಾರದ ಫೋಟೋದಲ್ಲಿ ಹಳದಿಯ ಹಿಂದೆ, ಬುಡದಲ್ಲಿ, ಸಣ್ಣ ಗುಲಾಬಿ ಗೆರೆ ಕಂಡಿತು. ಮೇಲಿಂದ ಹತ್ತಿದ ಕಲೆ ಹೀಗೆ ಉಗುರಿನ ಜೊತೆಗೇ ಮುಂದೆ ಸರಿದು, ಕೊನೆಗೆ ನೈಲ್ ಕಟರ್‌ಗೆ ಸಿಕ್ಕಿ ಹೋಗುತ್ತದೆ. ಹೊಸ ಉಗುರೂ ಹಳದಿಯಾಗೇ ಬರುತ್ತಿದ್ದರೆ ಪಾಲಿಶ್ ಕಾರಣವಲ್ಲ, ಬೇರೆ ಏನೋ ಇದೆ ಎಂದರ್ಥ. ನನ್ನ ಉಗುರು ಪೂರ್ತಿ ಹೊಸದಾಗಲು ಸುಮಾರು 6 ತಿಂಗಳು ಹಿಡಿಯಿತು.

ಅಂದಿನಿಂದ ಮನೆಯವರು, ಗೆಳತಿಯರು ಎಲ್ಲ ಉಗುರು ತೋರಿಸಿ ಕೇಳುತ್ತಾರೆ. ಬಿಳಿ ಚುಕ್ಕಿ ಇದ್ದರೆ ಕ್ಯಾಲ್ಸಿಯಂ ಕಡಿಮೆ ಅಂತ ಮಾತ್ರೆ ನುಂಗುತ್ತಾರೆ. ಸಾಮಾನ್ಯವಾಗಿ ಅದು ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು. ಬಾಗಿಲಿಗೆ ಸಿಕ್ಕಿ ಕಪ್ಪಾದದ್ದು ಹೆಪ್ಪುಗಟ್ಟಿದ ರಕ್ತ, ಅದೂ ನಿಧಾನವಾಗಿ ಮುಂದೆ ಸರಿಯುತ್ತದೆ. ಉಗುರು ದಪ್ಪಗಾಗಿ ಪುಡಿಯಾಗುತ್ತಿದ್ದರೆ ಫಂಗಸ್ ಇರಬಹುದು. ಆದರೆ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆಯಲ್ಲೂ ಉಗುರು ಹಾಗೇ ಕಾಣುತ್ತದೆ. ಹಾಗಾಗಿ ಉಗುರಿನ ಚೂರು ಪರೀಕ್ಷೆ ಮಾಡಿಸದೆ ಸುಮ್ನೆ ಫಂಗಸ್ ಮಾತ್ರೆ ಶುರು ಮಾಡಬೇಡಿ. ಅದನ್ನು ವಾರಗಟ್ಟಲೆ ತಿನ್ನಬೇಕು, ಲಿವರ್‌ಗೂ ತೊಂದರೆ ಆಗಬಹುದು.

ಒಂದೇ ಒಂದು ಉಗುರಿನಲ್ಲಿ ಬುಡದಿಂದ ತುದಿವರೆಗೆ ಹೊಸದಾಗಿ ಕಪ್ಪು ಅಥವಾ ಕಂದು ಗೆರೆ ಬಂದರೆ ಕಾಯಲೇಬೇಡಿ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಹಲವು ಉಗುರಿಗೆ ಗೆರೆ ಇರುವುದು ಸಾಮಾನ್ಯ, ಬಹಳ ಸಲ ಅದರಿಂದ ಏನೂ ಆಗುವುದಿಲ್ಲ. ಆದರೆ ಒಂಟಿ ಗೆರೆ ಅಗಲವಾಗುತ್ತಾ, ಪಕ್ಕದ ಚರ್ಮಕ್ಕೂ ಬಣ್ಣ ಹರಡುತ್ತಾ ಹೋದರೆ ಅದು ಮೆಲನೋಮಾ ಅನ್ನುವ ಕ್ಯಾನ್ಸರ್ ಇರಬಹುದು. ಉಗುರಿನ ಜೊತೆ ತುಟಿಯೂ ನೀಲಿಯಾಗಿ ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ದೇಹಕ್ಕೆ ಆಮ್ಲಜನಕ ಸಾಲುತ್ತಿಲ್ಲ.

ಪಾಲಿಶ್ ಈಗಲೂ ಹಚ್ಚುತ್ತೇನೆ. ಮೊದಲು ಬೇಸ್ ಕೋಟ್, ಅದು ಒಣಗಿದ ಮೇಲೆ ಬಣ್ಣ. ತೆಗೆದ ಮೇಲೆ ಉಗುರಿಗೂ ಬುಡದ ಚರ್ಮಕ್ಕೂ ಎಣ್ಣೆ ಸವರುತ್ತೇನೆ. ಆ ಚರ್ಮವನ್ನು ಕತ್ತರಿಸುವುದಿಲ್ಲ, ಉಗುರಿನ ಬುಡಕ್ಕೆ ಕಾವಲು ಅದೇ. ತಿಂಗಳಲ್ಲಿ ಒಂದು ವಾರ ಬಣ್ಣವಿಲ್ಲ. ಆ ವಾರದ ಭಾನುವಾರ ಅದೇ ಕಿಟಕಿಯ ಹತ್ತಿರ ನಿಂತು ಹತ್ತೂ ಉಗುರಿನ ಫೋಟೋ ತೆಗೆಯುತ್ತೇನೆ.